ಸಾಹೇಬರೇ ಗಡಿ ದಾಟಿಸಿದ ಕಾರು

ಗೋಕಾಕದ ದೇಸಾಯರು ನೇಪಾಳದಲ್ಲೊಂದು ಹಳೇ ಕಾಲದ ಕಾರು ಕೊಂಡರು. ಮಗಳ ಮದುವೆ ಮೆರವಣಿಗೆ ಅದರಲ್ಲೇ ಆಗಬೇಕೆಂದು ಅವರ ಆಸೆ. ತರಲು ಹೋದವನು ಡ್ರೈವರ್ ಮೌಲಾಸಾಬ.

ಗಡಿಯ ಗೇಟಿನಲ್ಲಿ ನಮ್ಮ ಕಡೆಯ ಅಧಿಕಾರಿಯೊಬ್ಬ ತಡೆದ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೆ ಕಾರಿನ ಮೇಲೆ ಅವನ ಕಣ್ಣು ಬಿದ್ದಿತ್ತು.

"ಇದು ದೇಶದೊಳಗೆ ಬರೋ ಹಾಗಿಲ್ಲ. ಇಲ್ಲೇ ಬಿಟ್ಟು ಹೋಗು," ಅಂದ.

ಮೌಲಾಸಾಬ ವಾದಿಸಲಿಲ್ಲ. "ಆಗಲಿ ಸಾಹೇಬ್ರೆ. ಒಮ್ಮೆ ನೀವೇ ಓಡಿಸಿ ನೋಡ್ರಿ. ಕೂತರೆ ರಾಜರ ಹಂಗ ಕಾಣ್ತೀರಿ," ಅಂತ ಬಾಗಿಲು ತೆಗೆದ.

ಅಧಿಕಾರಿ ಟೋಪಿ ಸರಿಮಾಡಿಕೊಂಡು ಕೂತ. ಕಾರು ಚಾಲೂ ಆಗಲಿಲ್ಲ.

"ಮುದಿ ಗಾಡಿ, ತಳ್ಳಬೇಕ್ರಿ," ಅಂದ ಮೌಲಾಸಾಬ.

ಅಧಿಕಾರಿ ಕೈಬೀಸಿದ್ದೇ ತಡ, ಪೇದೆಗಳು ಗೇಟು ಎತ್ತಿ ತಳ್ಳಿದರು. ಗೇಟು ದಾಟಿ ನಮ್ಮ ಕಡೆಯ ಇಳಿಜಾರಿನಲ್ಲಿ ಇಂಜಿನ್ ಗುಡುಗಿತು. ಅಧಿಕಾರಿ ಖುಷಿಯಿಂದ ಹಾರ್ನ್ ಒತ್ತಿ ಕಾರು ನಿಲ್ಲಿಸಿದ.

ಓಡಿಬಂದ ಮೌಲಾಸಾಬ ಕೈಮುಗಿದ. "ಉಪಕಾರ ಆತ್ರಿ. ಖುದ್ದು ನೀವೇ ದೇಶದೊಳಗೆ ತಂದ್ರಿ. ಇನ್ನು ವಾಪಸ್ ಕಳಿಸಿದ್ರೆ, ತಂದವರು ಯಾರು ಅಂತ ಮೇಲಿನವರು ಕೇಳ್ತಾರ."

ಅಧಿಕಾರಿ ತಿರುಗಿ ನೋಡಿದ. ಗೇಟು ಹಿಂದೆ ಉಳಿದಿತ್ತು. ಸಾಲಾಗಿ ನಿಂತ ಲಾರಿಯವರೆಲ್ಲ ಅವನನ್ನೇ ನೋಡುತ್ತಿದ್ದರು. ನಗು ತಡೆಯಲಾಗದೆ ಮೆಲ್ಲಗೆ ಇಳಿದ.

"ಹೊರಡು ಮಾರಾಯ. ಊರು ಮುಟ್ಟೋತನಕ ಇಂಜಿನ್ ಮಾತ್ರ ಆರಿಸಬೇಡ. ಎಲ್ಲ ಕಡೆ ನನ್ನಂಥವರು ಸಿಗೋದಿಲ್ಲ."