ಮುಚ್ಚಿದ ಅಂಗೈ

"ಕೇಳ್ರಪ್ಪೋ ಕೇಳಿ! ಹೇಮಗಿರಿಯ ದೊರೆಯ ಅಪ್ಪಣೆ! ಮಠ, ನ್ಯಾಯಶಾಲೆ, ವೈದ್ಯಶಾಲೆ ಮೂರಕ್ಕೂ ತೀರ್ಪು ಹೇಳುವ ಪೀಠ ಬರಿದಾಗಿದೆ. ಹಿರಿಯ ದೊರೆ ಬರೆಸಿಟ್ಟ ಮೂರು ಒಗಟು ಬಿಡಿಸಿದವರಿಗೆ ಆ ಪೀಠ. ತಪ್ಪಿದರೆ ತಲೆದಂಡ!"

ಡಂಗುರದ ಈ ಅವಸರಕ್ಕೆ ಕಾರಣವಿತ್ತು. ರಾಜಕುಮಾರಿ ಪದ್ಮಲೆ ಹಾಸಿಗೆ ಹಿಡಿದಿದ್ದಳು. ಜಿಂಕೆ ಕೊಂದು ಸೆರೆಯಾಗಿದ್ದ ಮಾಚನ ಎದೆರಕ್ತ ಕುಡಿಸಿದರೆ ಗುಣವಾದೀತೆಂದು ವೈದ್ಯರು ಹೇಳಿದ್ದರು. ಪೀಠದ ತೀರ್ಪಿಲ್ಲದೆ ಅವನ ಮೈಗೆ ಕತ್ತಿ ಸೋಕಿಸುವಂತಿರಲಿಲ್ಲ.

ಮಠ, ನ್ಯಾಯಶಾಲೆ, ವೈದ್ಯಶಾಲೆ, ಈ ಮೂರು ಮನೆಯಿಂದಲೂ ಒಬ್ಬೊಬ್ಬ ಪಂಡಿತ ಒಂದೊಂದು ಒಗಟಿಗೆ ನಿಂತ.

"ಕೇಳಿದರೆ ಸಿಕ್ಕೀತು, ಕಸಿದರೆ ಕೈಗೆ ಬರುವ ಮೊದಲೇ ಇಲ್ಲವಾಗುತ್ತದೆ. ಏನದು?"

"ಪುಣ್ಯ," ಎಂದರು ಮಠದ ಪಂಡಿತರು. ತಪ್ಪು.

"ದೊರೆಯದೂ ಕೈದಿಯದೂ ತಕ್ಕಡಿಯಲ್ಲಿ ಒಂದೇ ತೂಕ. ಏನದು?"

"ಶಾಸನ," ಎಂದರು ನ್ಯಾಯಪಂಡಿತರು. ತಪ್ಪು.

"ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಾರೆ, ಅವನನ್ನು ಯಾರೂ ಮಾತಾಡಿಸುವುದಿಲ್ಲ. ಯಾರವನು?"

"ಹೆಣ!" ಎಂದು ವೈದ್ಯರು ನಕ್ಕರು. ಅದೂ ತಪ್ಪು. ಮೂವರ ಕೈಗೂ ಹಗ್ಗ ಬಿತ್ತು.

ವೈದ್ಯಶಾಲೆಯಲ್ಲಿ ಔಷಧದ ಬೇರು ಅರೆಯುತ್ತಿದ್ದ ಹೊನ್ನಯ್ಯನಿಗೆ ಈ ಸುದ್ದಿ ಕೇಳಿ ಮೈಯೆಲ್ಲ ಉರಿಯಿತು. ಅವನು ಆರು ವರ್ಷ ಮಠದಲ್ಲಿ ಕಸ ಗುಡಿಸಿದವನು, ಆರು ವರ್ಷ ನ್ಯಾಯಶಾಲೆಯಲ್ಲಿ ಓಲೆಗಟ್ಟು ಹೊತ್ತವನು. ಬೇರಿನ ರಸ ಅಂಟಿದ ಕೈಯಲ್ಲೇ ಆಸ್ಥಾನಕ್ಕೆ ನಡೆದ.

"ಲೋ, ನೀನೂ ಪಂಡಿತನೇನೋ?" ದೊರೆ ಕೇಳಿದ.

"ಅಲ್ಲ ಬುದ್ಧಿ, ಮೂರು ಮನೆಯ ಚಾಕರಿಯವನು. ಮೊದಲನೆಯದು ಒಪ್ಪಿಗೆ. ಕಸಿದುಕೊಂಡದ್ದು ಒಪ್ಪಿಗೆ ಹೇಗಾದೀತು? ಎರಡನೆಯದು ಜೀವ. ಎಲ್ಲರೊಳಗೂ ಅದನ್ನಿಟ್ಟ ದೇವರು ಒಬ್ಬನೇ ಅಂತ ಮಠದಲ್ಲಿ ದಿನಾ ಪಾಠ ಹೇಳಿದ್ರಿ, ಸ್ವಾಮಿ! ಮೂರನೆಯವನು," ಅವನು ಮಾಚನತ್ತ ಕೈ ತೋರಿಸಿದ, "ಅಗೋ, ಕಂಬಕ್ಕೆ ಕಟ್ಟಿದ್ದೀರಲ್ಲ, ಅವನು. ಎಂಟು ದಿನದಿಂದ ಅವನ ರಕ್ತದ ಲೆಕ್ಕ ಹಾಕ್ತಿದ್ದೀರಿ. ಬಾಯಾರಿದೆಯೇನಪ್ಪ ಅಂತ ಒಬ್ಬರಾದರೂ ಕೇಳಿದಿರಾ?"

ಹಿರಿಯ ದೊರೆಯ ಉತ್ತರದ ಓಲೆ ಬಿಚ್ಚಿ ನೋಡಿದರು. ಮೂರೂ ಸರಿ. ಮೂರನೆಯದಕ್ಕೆ "ಕೈದಿ" ಎಂದಿತ್ತು, ಅದರ ಕೆಳಗೆ "ರೋಗಿಯೂ ಅಂಥವನೇ" ಎಂದು ಬರೆದಿತ್ತು.

"ಸರಿ, ಪೀಠ ನಿನ್ನದು. ತೀರ್ಪು ಹೇಳು, ನನ್ನ ಮಗಳು ಸಾಯ್ತಿದ್ದಾಳೆ!"

ಹೊನ್ನಯ್ಯ ನೀರಿನ ತಂಬಿಗೆ ಎತ್ತಿದ. ವೈದ್ಯಶಾಲೆಯಲ್ಲೊಂದು ಹಳೆಯ ಪದ್ಧತಿ: ರೋಗಿ ಅಂಗೈ ಚಾಚಿ ನೀರು ಕುಡಿದರೆ ಚಿಕಿತ್ಸೆಗೆ ಒಪ್ಪಿದಂತೆ, ಅಂಗೈ ಮುಚ್ಚಿದರೆ ಇಲ್ಲ. ಪಂಡಿತರು ಮರೆತಿದ್ದರು, ತಂಬಿಗೆ ತೊಳೆಯುವವನು ಮರೆತಿರಲಿಲ್ಲ. ಅವನು ಮಾಚನ ಕಟ್ಟು ಬಿಚ್ಚಿ, "ರಕ್ತ ಕೊಡ್ತೀಯೇನಪ್ಪ?" ಎಂದ.

"ನಂಗೆ ಭಯ ಆಗ್ತದೆ ಸ್ವಾಮಿ." ಮಾಚ ಅಂಗೈ ಮುಚ್ಚಿದ.

ಹೊನ್ನಯ್ಯ ಪದ್ಮಲೆಯನ್ನು ಹೊತ್ತು ತಂದಿದ್ದ ಪಲ್ಲಕ್ಕಿಯತ್ತ ತಿರುಗಿದ. "ನೀವು ಕುಡೀತೀರಾ, ತಾಯೀ?"

ಕಡ್ಡಿಯಂಥ ಕೈಯೊಂದು ಪರದೆಯಾಚೆ ಬಂದು ಗಟ್ಟಿಯಾಗಿ ಮುಚ್ಚಿಕೊಂಡಿತು. "ಬೇಡಾಂತ ಮೊದಲ ದಿನವೇ ಹೇಳಿದೆ, ಅಪ್ಪಾಜಿ. ನೀವು ವೈದ್ಯರ ಮುಖ ನೋಡ್ತಿದ್ರಿ."

ದೊರೆ ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ಪೀಠವೇರಿದ ಹೊನ್ನಯ್ಯ ಮಾಚನ ಮೈಗೆ ಕತ್ತಿ ಸೋಕಕೂಡದೆಂದು ತೀರ್ಪು ಹೇಳಿ, ಮೂವರು ಪಂಡಿತರ ಹಗ್ಗ ಬಿಚ್ಚಿಸಿದ. "ಉತ್ತರ ತಪ್ಪಿದ್ದಕ್ಕೆ ಜೀವ ತೆಗೆಯೋದು ಯಾವ ದೇವರ ಮಾತು?" ಎಂದು ತಲೆದಂಡವನ್ನೇ ಅಳಿಸಿದ. ಪದ್ಮಲೆ ಗಂಜಿ ಕುಡಿಯುತ್ತ, ಅಪ್ಪನೊಡನೆ ಮಾತಾಡುತ್ತ ಇನ್ನೆರಡು ಮಳೆಗಾಲ ಕಂಡಳು. ದೇವರು ಅಷ್ಟೇ ಕೊಟ್ಟಿದ್ದ. ಆದರೆ ಅದಷ್ಟೂ ಅವಳದಾಗಿತ್ತು.

ಎಲ್ಲರಿಗೂ ಬಾಯಿ ಕೊಟ್ಟ ಆ ತಂದೆ, ಎದುರಿನವರನ್ನು ಕೇಳುವ ಕಿವಿಯನ್ನೂ ನಮಗೆ ಕೊಡಲಿ.