ಮುಖ ಮರೆಸಿಕೊಂಡ ಅಕ್ಷರಗಳು

ತುಂಗಭದ್ರೆಯ ದಂಡೆಯ ಒಂದು ಆಶ್ರಮದಲ್ಲಿ ಹಾಲಯ್ಯಜ್ಜಾರು ಎಂಬ ಗುರುಗಳಿದ್ದರು. ಮುಪ್ಪಿನಲ್ಲಿ ಅವರ ದೃಷ್ಟಿ ಪೂರ್ತಿ ಹೋಗಿತ್ತು.

ದೃಷ್ಟಿ ಇದ್ದಾಗ ಅವರು ಒಂದು ಗ್ರಂಥ ಹೇಳಿ ಬರೆಸಿದ್ದರು. ಅದನ್ನು ಟೈಪ್ ಮಾಡಿದವಳು ಶಿಷ್ಯೆ ಕೊಟ್ರಮ್ಮ, ಮನೆಯಿಂದ ತಂದ ತನ್ನ ಕಂಪ್ಯೂಟರಿನಲ್ಲಿ.

ಈಗ ದಿನವೂ ಅವಳೇ ಅದನ್ನು ಓದಿ ಹೇಳುತ್ತಿದ್ದಳು.

ಒಂದು ಮುಂಜಾನೆ ಅಜ್ಜಾರು ಅಂದರು, "ಅವ್ವ, ಒಂದೇ ಸಾಲನ್ನು ಹತ್ತು ಸಲ ಕೇಳಬೇಕು ಅನ್ನಿಸುತ್ತದೆ. ನಿನ್ನನ್ನು ಹತ್ತು ಸಲ ಕೇಳಲು ನಾಚಿಕೆ."

ಆ ಮಾತು ಕೊಟ್ರಮ್ಮನಿಗೆ ನಾಟಿತು.

ಕಂಪ್ಯೂಟರ್ ಹಳೆಯದು. ವಿಂಡೋಸ್‌ನ ಹೊಸ ಆವೃತ್ತಿ ಅದಕ್ಕೆ ಹೊಂದುತ್ತಿರಲಿಲ್ಲ. ಲಿನಕ್ಸ್ ಆದರೆ ಹಳೆಯ ಯಂತ್ರದಲ್ಲೂ ನಡೆಯುತ್ತದೆ, ಬರೆದದ್ದನ್ನು ಗಟ್ಟಿಯಾಗಿ ಓದುವ ಸೌಲಭ್ಯವೂ ಸಿಗುತ್ತದೆ ಎಂದು ಅವಳು ಕೇಳಿದ್ದಳು. ಗ್ರಂಥವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಳು.

ಯಂತ್ರ ಲವಲವಿಕೆಯಿಂದ ಎದ್ದಿತು. ಗ್ರಂಥ ತೆರೆದಳು.

ಪರದೆಯ ಮೇಲೆ ಒಂದೂ ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಪೌಂಡ್ ಗುರುತು, ಏನೇನೋ.

ಅವಳು ಓಡಿ ಬಂದು ಗುರುಗಳ ಕಾಲ ಬಳಿ ಕುಸಿದಳು. "ಅಜ್ಜಾರೇ, ನಿಮ್ಮ ಗ್ರಂಥ ಹಾಳು ಮಾಡಿದೆ. ಮತ್ತೆ ವಿಂಡೋಸ್ ಹಾಕಿಬಿಡುತ್ತೇನೆ."

"ಹಾಕಿದರೆ?"

"ನಾನು ಟೈಪ್ ಮಾಡಿದ್ದ ಹಳೆಯ ಅಕ್ಷರಶೈಲಿ, ಆ ಫಾಂಟ್, ಅಲ್ಲಿತ್ತು. ಮೊದಲಿನಂತೆ ಕನ್ನಡ ಕಾಣುತ್ತದೆ."

"ಯಂತ್ರ ಓದುತ್ತದೆಯೇ?"

"ಇಲ್ಲ. ಕಣ್ಣಿಗಷ್ಟೇ ಕನ್ನಡ. ಒಳಗಿರುವುದು ಇವೇ ಗುರುತುಗಳು."

"ಹಾಗಾದರೆ ನೀನು ಹಾಳು ಮಾಡಲಿಲ್ಲ. ಇದ್ದದ್ದನ್ನು ಕಂಡೆ. ನಡಿ."

ಅಜ್ಜಾರು ಅವಳ ಭುಜ ಹಿಡಿದು ಬಂದು ಕಂಪ್ಯೂಟರಿನ ಮುಂದೆ ಕುಳಿತರು. "ಗ್ರಂಥದ ಮೊದಲ ಮಾತು 'ನಡೆ'. ಅಲ್ಲಿ ಏನಿದೆ?"

"'ನ' ಇರಬೇಕಾದಲ್ಲಿ ಪೌಂಡ್ ಗುರುತಿದೆ."

"ಎರಡನೆಯ ಸಾಲು 'ನದಿ' ಎಂದು ಶುರು. ಅಲ್ಲಿ?"

"ಅಲ್ಲೂ ಅದೇ." ಅವಳ ಬೆನ್ನು ನೆಟ್ಟಗಾಯಿತು. ಸರಸರನೆ ಪುಟಗಳನ್ನು ಸರಿಸಿದಳು. "ಅಜ್ಜಾರೇ! 'ನ' ಬರುವಲ್ಲೆಲ್ಲ ಅದೇ ಇದೆ!"

"ನನ್ನ ಅಕ್ಷರಗಳು ಸತ್ತಿಲ್ಲ, ಅವ್ವ. ಮುಖ ಮರೆಸಿಕೊಂಡಿವೆ. ಒಂದೊಂದನ್ನೇ ಕರೆ."

ಹಳೆಯ ಗುರುತುಗಳನ್ನು, ಯಂತ್ರಕ್ಕೂ ಓದಲು ಬರುವ ಯುನಿಕೋಡ್ ಕನ್ನಡಕ್ಕೆ ತಿರುಗಿಸುವ ಒಂದು ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಕೊಟ್ರಮ್ಮ ಅದನ್ನು ಹುಡುಕಿ ತಂದಳು. ಅಕ್ಷರಗಳು ಬಂದವು. ಆದರೆ ಎಷ್ಟೋ ಒತ್ತಕ್ಷರಗಳು ಅದಲುಬದಲಾಗಿದ್ದವು.

ಅವಳು ಈ ಸಲ ಕುಸಿಯಲಿಲ್ಲ. ಬೆಳಗಿನ ಪೂಜೆ ಮುಗಿದೊಡನೆ ಕೂರುತ್ತಿದ್ದಳು. ಅಜ್ಜಾರು ನೆನಪಿನಿಂದ ಹೇಳುವರು, ಇವಳು ತಿದ್ದುವಳು. ನೆನಪು ಕೈಕೊಟ್ಟಲ್ಲಿ ಇಬ್ಬರೂ ಅರ್ಥ ಹಿಡಿದು ಮಾತು ಹುಡುಕುವರು. ಬೇಸಿಗೆಯಲ್ಲಿ ಕೂತವಳು ಹೊಳೆಗೆ ಹೊಸ ನೀರು ಬರುವ ಹೊತ್ತಿಗೆ ಕೊನೆಯ ಪುಟ ಮುಟ್ಟಿದಳು.

ಅಂದು ಗುರುಗಳ ಬೆರಳನ್ನು ಹಿಡಿದು ಕೀಲಿಮಣೆಯ ಮೇಲಿಟ್ಟಳು. "ಇದನ್ನು ಒತ್ತಿದರೆ ಮುಂದಿನ ಸಾಲು. ಇದನ್ನು ಒತ್ತಿದರೆ ಹಿಂದಿನದು."

ಅಜ್ಜಾರು ಒತ್ತಿದರು.

ಯಂತ್ರ ಓದಿತು! ದನಿ ಒರಟು, ಉಸಿರು ತೆಗೆದುಕೊಳ್ಳದ ಓದು. ಆದರೆ ಅಪ್ಪಟ ಕನ್ನಡ, ಅವರದೇ ಮಾತು.

"ಬಂತು! ಅಜ್ಜಾರೇ, ಬಂತು!" ಕೊಟ್ರಮ್ಮ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಹೊಳೆಯಿಂದ ನೀರು ತರುತ್ತಿದ್ದ ಆಶ್ರಮದವರೆಲ್ಲ ಕೊಡ ಇಳಿಸಿ ಒಳಗೆ ಬಂದರು. ಅಜ್ಜಾರ ಮುಖ ಅರಳಿತ್ತು. ಯಾರ ಹಂಗೂ ಇಲ್ಲದೆ ಅವರು ಸಾಲಿನಿಂದ ಸಾಲಿಗೆ ನಡೆದರು.

ಒಂದು ಕಡೆ ಬೆರಳು ನಿಂತಿತು.

"ಶಿಷ್ಯನಿಗೆ ಗುರುವೇ ಕಣ್ಣು," ಎಂದಿತು ಯಂತ್ರ.

ಅಜ್ಜಾರು ಹಿಂದಕ್ಕೆ ಒತ್ತಿದರು. ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದರು.

"ಅವ್ವ, ಇದು ತಿರುವುಮುರುವಾಗಿದೆ."

ಕೊಟ್ರಮ್ಮ ಗಾಬರಿಯಿಂದ ಬಗ್ಗಿ ನೋಡಿದಳು. "ಇಲ್ಲ ಅಜ್ಜಾರೇ, ಸರಿಯಾಗಿಯೇ ಬಂದಿದೆ. ನೀವು ಅಂದು ಹೇಳಿದ್ದೂ ಹೀಗೆಯೇ."

ಅಜ್ಜಾರು ನಕ್ಕರು. "ನಿನ್ನದೂ ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಅಂದು ನಾನೇ ತಿರುವುಮುರುವು ಹೇಳಿದ್ದೆ. ತಿದ್ದು."