ತಳ ಹತ್ತಿದ ಹುಗ್ಗಿಯ ಮೊದಲ ತುತ್ತು

ಎರೆಬೀಡಿನ ಹಳ್ಳದ ದಂಡೆಯ ಮಠಕ್ಕೆ ಗೋಪುರವಿರಲಿಲ್ಲ, ಕಳಸವಿರಲಿಲ್ಲ. ಮಣ್ಣಿನ ಮಾಳಿಗೆ, ಬೇವಿನ ತೊಲೆ, ಮುಂದೊಂದು ತಗಡಿನ ಚಪ್ಪರ, ಚಪ್ಪರದ ಕೆಳಗೆ ಐದು ಒಲೆ. ಐದನೆಯ ಒಲೆಯ ಮಗ್ಗುಲಲ್ಲಿ ಹರಕು ಕಂಬಳಿ ಹಾಸಿಕೊಂಡು ಪರಮಪೂಜ್ಯ ಶ್ರೀ ಈರಪಾದಜ್ಜನವರು ಕೂಡುತ್ತಿದ್ದರು. ಭಕ್ತರು ಮಾಡಿಸಿಕೊಟ್ಟ ಸಾಗವಾನಿ ಗದ್ದುಗೆ ಒಳಗೆ ಇತ್ತು, ಇಲ್ಲವೆನ್ನಲಾಗದು. ಅದರ ಮೇಲೆ ಜೋಳದ ಚೀಲ ಇರಿಸಿದ್ದರು. ಯಾರಾದರೂ ಕೇಳಿದರೆ, "ನನಗ ಇಲಿ ಕಡಿಯಾಂಗಿಲ್ಲ, ಜೋಳಕ್ಕ ಕಡೀತಾವ" ಎಂದು ಅಪ್ಪಣೆ ಕೊಡುತ್ತಿದ್ದರು.

ಅಮಾವಾಸ್ಯೆಗೊಮ್ಮೆ ಅಲ್ಲಿ ಗೋಧಿ ಹುಗ್ಗಿಯ ದಾಸೋಹ. ಈಗಿನವರು ಕೊಪ್ಪರಿಗೆ ಅನ್ನುವುದೆಲ್ಲ ಅಜ್ಜನವರ ಕೊಪ್ಪರಿಗೆಯ ಮುಂದೆ ಬಟ್ಟಲು. ಅದನ್ನು ತೊಳೆಯಲು ಏಣಿ ಹಾಕಿ ಇಳಿಯಬೇಕಿತ್ತು. ಒಮ್ಮೆ ಒಂದು ಹೋರಿಗರು ಅದರೊಳಗೆ ಮಲಗಿಬಿಟ್ಟಿತ್ತು, ಊರೆಲ್ಲ ಮೂರು ದಿನ ಅದನ್ನು ಹುಡುಕಿತ್ತು. ಹುಗ್ಗಿಯ ಘಮಕ್ಕೆ ಎರಡು ಹರದಾರಿ ಆಚೆ ಹೊರಟ ಚಕ್ಕಡಿಯ ಎತ್ತುಗಳು ತಾವೇ ಮಠದ ಕಡೆ ಹೊರಳುತ್ತಿದ್ದವು. ಗಾಡಿಯಲ್ಲಿ ತೂಕಡಿಸುತ್ತಿದ್ದವನು ಕಣ್ಣು ಬಿಟ್ಟರೆ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿರುತ್ತಿದ್ದ. ಕಂಡವರಿಗೆ ಗೊತ್ತು. ಕಾಣದವರು ನಂಬಲಿ, ಬಿಡಲಿ.

ಆ ಕಾಲದಲ್ಲಿ ಎರೆಬೀಡಿನಲ್ಲಿ ಹತ್ತಿಯ ಜಿನ್ನು ಇತ್ತು. ಹತ್ತಿಯಿಂದ ಕಾಳು ಬೇರೆ ಮಾಡಿ, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಕಾರಖಾನೆ. ಇವತ್ತು ಅದರ ಚಿಮಣಿಯಲ್ಲಿ ಪಾರಿವಾಳ ಸಂಸಾರ ಹೂಡಿವೆ. ಆಗ ಜಿನ್ನಿನ ಕೂಗು ಕೇಳಿ ಏಳೂರಿನ ಹೆಂಗಸರು ಹಂಚು ಒಲೆಗೇರಿಸುತ್ತಿದ್ದರು. ಸೂರ್ಯನೂ ಒಂದು ಕಿವಿ ಆ ಕಡೆ ಕೊಟ್ಟೇ ಹುಟ್ಟುತ್ತಿದ್ದ. ಸುಗ್ಗಿಯಲ್ಲಿ ಹತ್ತಿಗಾಡಿಗಳ ಸಾಲು ಜಿನ್ನಿನ ಗೇಟಿನಿಂದ ಹಳ್ಳದವರೆಗೆ ನಿಲ್ಲುತ್ತಿತ್ತು. ಗಾಳಿಗೆ ಹಾರಿದ ಅರಳೆ ಬೇವಿನ ಮರಗಳಿಗೆ ಅಂಟಿ, ಊರಿಗೆ ಊರೇ ನರೆತಂತೆ ಕಾಣುತ್ತಿತ್ತು.

ಆ ಜಿನ್ನಿಗೆ ಮುರಿಗೆಪ್ಪ ಅಕ್ಕಿವಳ್ಳಿ ಮ್ಯಾನೇಜರ್. ಕರಿ ಕೋಟು, ಜೇಬಿನಲ್ಲಿ ಸರಪಳಿ ಗಡಿಯಾರ. ಗೇಟಿನಲ್ಲಿ ಅವನು ಒಮ್ಮೆ ಗದರಿದರೆ ಸ್ಟೇಷನ್ನಿನಲ್ಲಿ ನಿಂತ ಟಾಂಗಾದ ಕುದುರೆ ಮುಂಗಾಲೆತ್ತುತ್ತಿತ್ತು. ಕೆಲಸಕ್ಕೆ ಇದ್ದವರು ಇನ್ನೂರು ಮಂದಿ, ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು. ಅವರನ್ನು ಹಿಡಿತದಲ್ಲಿಡಲು ಅವನೊಂದು ಉಪಾಯ ಮಾಡಿದ್ದ. ಗೇಟಿನ ಪಕ್ಕ ಕರಿಹಲಗೆಯೊಂದನ್ನು ತೂಗುಹಾಕಿದ್ದ. ಯಾರ ಕಡೆಯಿಂದ ತಪ್ಪಾಯಿತೋ ಅವರ ಹೆಸರು ಸುಣ್ಣದ ಕಡ್ಡಿಯಲ್ಲಿ ಎಂಟು ದಿನ ಅಲ್ಲಿ. ಬರುವ ಹೋಗುವ ಗಾಡಿಯವರೆಲ್ಲ ಓದಬೇಕು. ಓದು ಬಾರದವರಿಗೆ ಗೇಟಿನ ಜವಾನ ಓದಿ ಹೇಳಬೇಕು. ಮಂದಿ ಅದನ್ನು ಸುಣ್ಣದ ಹಲಗೆ ಅನ್ನುತ್ತಿದ್ದರು. ದೆವ್ವದ ಹುಣಸೆಮರದ ಹತ್ತಿರವಾದರೂ ಹಾದುಹೋಗುತ್ತಿದ್ದರು, ಆ ಹಲಗೆಯ ಕಡೆ ಕತ್ತು ತಿರುಗಿಸುತ್ತಿರಲಿಲ್ಲ.

ಇಷ್ಟಿದ್ದೂ ಆ ವರ್ಷ ಜಿನ್ನಿಗೆ ಎರಡು ಸಲ ಬೆಂಕಿ ಬಿತ್ತು. ಹತ್ತಿಗೂ ಬೆಂಕಿಗೂ ಹಳೆಯ ನಂಟು. ಆದರೆ ಎರಡನೆಯ ಸಲ ಅಂಡಿಗೆಯ ಗೋದಾಮಿನ ಅರ್ಧ ಚಪ್ಪರವೇ ಹೋಯಿತು. ಜಿನ್ನಿನ ಮಾಲೀಕ ಸಾಹುಕಾರರು ಮುರಿಗೆಪ್ಪನನ್ನು ಕರೆಸಿ, "ಇನ್ನೊಂದು ಸಲ ಬೆಂಕಿ ಕಂಡ್ರ ಜಿನ್ನಿಗೆ ಬೀಗ ಹಾಕ್ತೀನಿ. ನೀವೂ ನಿಮ್ಮ ಮಂದೀನೂ ಬ್ಯಾರೆ ಊರು ನೋಡಿಕೊಳ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಮಠಕ್ಕ ಹೋಗಿ ಒಂದು ತಾಯತನಾದ್ರೂ ತಗೊಂಡು ಬರ್ರಿ. ಗೇಟಿಗೆ ಕಟ್ಟೋಣು" ಎಂದರು.

ಮುರಿಗೆಪ್ಪನಿಗೆ ಮಠದಲ್ಲಿ ನಂಬಿಕೆಯಿರಲಿಲ್ಲ. ಅವನು ಕೈಮುಗಿಯುತ್ತಿದ್ದುದು ಗಡಿಯಾರಕ್ಕೊಂದೇ. ಆದರೂ ಅಮಾವಾಸ್ಯೆಯ ಮುಂಜಾನೆ, ಕೋಟಿಗೆ ಬೂದಿ ತಾಗದಂತೆ ಚಪ್ಪರದ ಅಂಚಿನಲ್ಲಿ ನಿಂತು ಬಂದ ಕಾರಣ ಹೇಳಿದ.

"ಅಜ್ಜಾರ, ಜಿನ್ನಿಗೆ ಯಾರೋ ಮಾಟ ಮಾಡಿಸ್ಯಾರ್ರಿ. ಒಂದು ತಾಯತ ಕೊಡ್ರಿ."

ಅಜ್ಜನವರು ಒಲೆಗೆ ಜಾಲಿಯ ತುಂಡೊಂದನ್ನು ನೂಕಿ, "ಉಂಡು ಹೋಗು, ತಮ್ಮಾ. ಕೂಡು" ಎಂದರು. ಅಷ್ಟೇ.

ಕೂಡಲು ಒಂದು ಕಟ್ಟಿಗೆಯ ಕೊರಡು ಇತ್ತು. ಕೂತ. ಗಡಿಯಾರ ತೆಗೆದು ನೋಡಿದ, ಜೇಬಿಗೆ ಹಾಕಿದ, ಮತ್ತೆ ತೆಗೆದ. ಎರಡನೆಯ ಒಲೆಯ ಹತ್ತಿರ ಭರಮವ್ವ ಎಂಬ ಹೆಣ್ಣುಮಗಳು ಹುಗ್ಗಿ ತಿರುವುತ್ತಿದ್ದಳು. ಪಂಕ್ತಿ ಕೂಡುವ ಹೊತ್ತಾಗಿತ್ತು. ಸಾವಿರ ಎಲೆ ಹಾಸಿತ್ತು. ಇದ್ದಕ್ಕಿದ್ದಂತೆ ಆಕೆ ಹುಟ್ಟನ್ನು ಮೇಲೆತ್ತಿ ಮೂಸಿ ನೋಡಿದಳು. ಮರುಗಳಿಗೆಗೆ ತೊಲೆಗೆ ಕಟ್ಟಿದ್ದ ಅಗಲ ತಟ್ಟೆ, ಹಿತ್ತಾಳೆ ಪರಾತವನ್ನು ಹುಟ್ಟಿನಿಂದ ಬಾರಿಸಿ, ಊರಿಗೇ ಕೇಳುವಂತೆ ಕೂಗಿದಳು.

"ಅಜ್ಜಾರ, ನನ್ನ ಹುಗ್ಗಿ ತಳ ಹತ್ತೈತ್ರಿ."

ಮುರಿಗೆಪ್ಪನ ಮೈ ನೆಟ್ಟಗಾಯಿತು. ಇದು ಅವನ ಕಸುಬಿನ ಮಾತು. ಈಗ ಅಜ್ಜ ಈಕೆಯನ್ನು ಹೇಗೆ ಜಾಡಿಸುತ್ತಾರೆ ನೋಡೋಣ ಎಂದು ಮುಂದಕ್ಕೆ ಬಾಗಿದ. ಅಷ್ಟರಲ್ಲಿ ನಾಲ್ಕು ಒಲೆಯ ಮಂದಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದರು. ಉರಿ ಹಿಂದಕ್ಕೆ ಎಳೆದರು. ಯಾರೂ ಕಲಕಲಿಲ್ಲ. ಮೇಲಿನ ಹುಗ್ಗಿಯನ್ನು ತಂಬಿಗೆ ತಂಬಿಗೆಯಾಗಿ ಬೇರೆ ಕೊಪ್ಪರಿಗೆಗೆ ಎತ್ತಿ ಹಾಕಿದರು. ತಳದಲ್ಲಿ ಕರ್ರಗೆ ಒಂದು ಪದರು ಉಳಿಯಿತು.

ಶ್ರೀ ಅಜ್ಜನವರು ಕಂಬಳಿಯಿಂದೆದ್ದರು. ಕೈಯಲ್ಲಿ ತಮ್ಮ ಮಣ್ಣಿನ ಬಟ್ಟಲು. ಭರಮವ್ವನ ಮುಂದೆ ಬಂದು, ಎರಡೂ ಕೈ ಎತ್ತಿ ಮುಗಿದರು. ಆಮೇಲೆ ಆ ಕರಿ ಪದರನ್ನು ಕೆರೆದು ಬಟ್ಟಲಿಗೆ ಹಾಕಿಸಿಕೊಂಡು, ಎಲ್ಲರಿಗಿಂತ ಮೊದಲು ಅಲ್ಲಿಯೇ ನಿಂತು ಸೇವಿಸಿದರು. ಆಮೇಲೆಯೇ ಪಂಕ್ತಿಗೆ ನೀಡಲು ಅಪ್ಪಣೆಯಾಯಿತು. ಅದು ಆ ಮಠದ ಪದ್ಧತಿ.

ಎಲೆಗೆ ಬಿದ್ದ ಹುಗ್ಗಿಯಲ್ಲಿ ಸೀದ ವಾಸನೆ ಎಳ್ಳಷ್ಟೂ ಇರಲಿಲ್ಲ. ಮುರಿಗೆಪ್ಪ ಮಾತ್ರ ಉಣ್ಣುವುದು ಬಿಟ್ಟು ಅಜ್ಜನವರ ಕಡೆ ತಿರುಗಿದ.

"ಅಜ್ಜಾರ," ಎಂದ, "ತಪ್ಪು ಮಾಡಿದಾಕೀಗೆ ನೀವ ಕೈ ಮುಗದ್ರ ನಾಳೆ ಎಲ್ಲಾರೂ ತಳ ಹತ್ತಸ್ತಾರಲ್ಲರಿ."

ಪಕ್ಕದಲ್ಲಿ ಸಾರು ನೀಡುತ್ತಿದ್ದ ಭರಮವ್ವ ಸುಮ್ಮನಿರಲಿಲ್ಲ. "ಯಾಕ್ರಿ ಸಾಹೇಬ್ರ, ಬೇಕಂತ ಹತ್ತಸಾಕ ನಮಗೇನು ಹುಚ್ಚು ಹಿಡದೈತೇನ್ರಿ? ಅಜ್ಜಾರ ಸೀದದ್ದು ತಿನ್ನೂದನ್ನ ಕಣ್ಣಾರೆ ನೋಡೂದಿಲ್ಲೇನು ನಾವು? ಅದನ್ನ ನೋಡಿದ ದಿನ ನಮಗ ನಿದ್ದಿ ಹತ್ತಾಂಗಿಲ್ಲ."

ಅಜ್ಜನವರು ಖಾಲಿ ಬಟ್ಟಲನ್ನು ಮುರಿಗೆಪ್ಪನಿಗೆ ತೋರಿಸಿದರು. "ಹೇಳದ ಕಲಕಿದ್ರ ಸಾವಿರ ಎಲಿ ಹೋಗ್ತಿತ್ತು. ಹೇಳಿದ್ಲು, ಒಂದು ಬಟ್ಟಲದಾಗ ಮುಗೀತು. ನಿನ್ನ ಜಿನ್ನಿನಾಗ ತಳ ಹತ್ತಿದ್ರ ಯಾರು ಹೇಳ್ತಾರ?"

ಮುರಿಗೆಪ್ಪ ತನ್ನ ಮಂದಿಯನ್ನು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಎಣಿಸಿದ. ಯಾರೂ ಹೇಳುತ್ತಿರಲಿಲ್ಲ. ಮೊದಲ ಬೆಂಕಿ ಬಿದ್ದ ದಿನ ವಾಸನೆ ಬಂದದ್ದು ನಾಲ್ಕು ಮಂದಿಗೆ ಗೊತ್ತಿತ್ತೆಂದು ಆಮೇಲೆ ತಿಳಿದಿತ್ತು. ಮೊದಲು ಬಾಯಿ ಬಿಟ್ಟವರ ಹೆಸರೇ ಹಲಗೆಗೆ ಹೋಗುತ್ತದೆಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

"ತಾಯತ?" ಎಂದ ಮೆಲ್ಲಗೆ.

"ಮೊದಲಿಗೆ ಮಂದಿಯ ಬಾಯಿಗೆ ಕಟ್ಟಿದ್ದು ಬಿಚ್ಚು. ಆಮೇಲೆ ಗೇಟಿಗೆ ಕಟ್ಟೂದು ನೋಡೋಣು."

ಮುರಿಗೆಪ್ಪ ಹೋದವನೇ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಮಂದಿಯನ್ನೆಲ್ಲ ನಿಲ್ಲಿಸಿ, ಇನ್ನು ಮೇಲೆ ಯಾರ ಹೆಸರೂ ಬರೆಯುವುದಿಲ್ಲ, ಹೊಗೆ ಕಂಡರೆ, ವಾಸನೆ ಬಂದರೆ ಕೂಗಿ ಹೇಳಿರಿ ಎಂದ. ಇನ್ನೂರು ಮಂದಿ ನೆಲ ನೋಡಿದರು. ಹಿಂದಿನಿಂದ ಯಾರೋ, "ಹುಲಿ ಇವತ್ತು ಸ್ವಾಮ್ಯಾರ ಕಡೆ ಹೋಗಿ ಬಂದೈತಿ, ಎರಡು ದಿನ ಹುಲ್ಲು ತಿಂತೈತಿ" ಎಂದದ್ದು ಅವನ ಕಿವಿಗೂ ಬಿತ್ತು. ಮೊದಲಾಗಿದ್ದರೆ ಆ ದನಿಯನ್ನು ಹುಡುಕಿ ಹಲಗೆಗೇರಿಸುತ್ತಿದ್ದ. ಅವತ್ತು ನುಂಗಿಕೊಂಡ.

ಮೂರು ದಿನ ಕಳೆದರೂ ಒಬ್ಬರೂ ಬಾಯಿ ಬಿಡಲಿಲ್ಲ. ನಾಲ್ಕನೆಯ ಮುಂಜಾನೆ ಅವನು ಮತ್ತೆ ಮಠಕ್ಕೆ ಬಂದ. ಈ ಸಲ ಬೂದಿಯ ಮೇಲೆಯೇ ಕೂತ.

"ಬಿಚ್ಚಿದೆ ಅಜ್ಜಾರ. ಆದರೂ ಯಾರೂ ಮಾತಾಡವೊಲ್ಲರು."

ಅಜ್ಜನವರು ಜೋಳದ ರೊಟ್ಟಿ ಮುರಿಯುತ್ತಿದ್ದರು. ತಲೆಯೆತ್ತದೆ ಕೇಳಿದರು, "ಸೀದದ್ದು ನೀ ತಿಂದಿಯೇನು?"

ಮುರಿಗೆಪ್ಪ ಎದ್ದು ಹೊರಟ. ಹಳ್ಳ ದಾಟಿ ನೇರವಾಗಿ ಜಿನ್ನಿನ ದಾರಿ ಹಿಡಿದ. ಆ ಮಾತು ಎಲ್ಲಿ ಮುಟ್ಟಿತೆಂದು ಅವನೊಬ್ಬನಿಗೇ ಗೊತ್ತಿತ್ತು.

ಎರಡನೆಯ ಬೆಂಕಿಯ ದಿನದ ಮಾತು. ಹತ್ತಿ ಯಂತ್ರಕ್ಕೆ ಹೋಗುವ ಮೊದಲು ಹೆಂಗಸರು ಅದರಲ್ಲಿನ ಕಲ್ಲು, ಕಬ್ಬಿಣದ ಚೂರು ಆರಿಸುತ್ತಾರೆ. ಒಂದು ಹರಳು ಉಳಿದರೂ ತಿರುಗುವ ಯಂತ್ರದ ರೋಲಿಗೆ ಸಿಕ್ಕಿ ಕಿಡಿ ಹಾರುತ್ತದೆ. ಆರಿಸುವವರ ಮುಖಂಡಳು ಕಾಶವ್ವ. ಅವತ್ತು ಸ್ಟೇಷನ್ನಿನಲ್ಲಿ ವ್ಯಾಗನ್ ಬಂದು ನಿಂತಿತ್ತು. "ಇನ್ನೊಂದು ಸಲ ಕೈಯಾಡಸ್ತೀವ್ರಿ" ಎಂದು ಕಾಶವ್ವ ಅಂದಿದ್ದಳು. "ಹತ್ತಿ ಆರಸ್ತೀಯೋ, ಹೇನು ಆರಸ್ತೀಯೋ? ಹಾಕು ಒಳಗ" ಎಂದು ಗದರಿದ್ದವನು ಮುರಿಗೆಪ್ಪ. ಹರಳು ಹೋಯಿತು, ಕಿಡಿ ಹಾರಿತು, ಗೋದಾಮು ಉರಿಯಿತು. ಹಲಗೆಯ ಮೇಲೆ ಮಾತ್ರ ಎಂಟು ದಿನ ಕಾಶವ್ವನ ಹೆಸರು ನಿಂತಿತ್ತು. ಅದೇ ವಾರ ಆಕೆಯ ಮಗಳನ್ನು ನೋಡಲು ಬಂದ ಬೀಗರು ಗೇಟಿನ ಮುಂದೆ ಹಾದು ಬರುತ್ತ ಓದಿಕೊಂಡಿದ್ದರು. ಊಟಕ್ಕೂ ನಿಲ್ಲದೆ ಚಕ್ಕಡಿ ತಿರುಗಿಸಿದ್ದರು. ಕಾಶವ್ವ ಅಂದಿನಿಂದ ಕೆಲಸಕ್ಕೆ ಬರುತ್ತಿದ್ದಳು, ಆದರೆ ಯಾರ ಕೂಡಲೂ ಮಾತಿಲ್ಲ.

ಮುರಿಗೆಪ್ಪ ಗೇಟಿಗೆ ಬಂದ. ಊಟದ ಕೂಗಾಗಿ ಮಂದಿ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಅವನು ಸುಣ್ಣದ ಕಡ್ಡಿ ಕೈಗೆ ತೆಗೆದುಕೊಂಡ. ಎಲ್ಲರ ರೊಟ್ಟಿ ಬಾಯ ಹತ್ತಿರವೇ ನಿಂತಿತು. ಯಾರ ಹೆಸರೋ ಎಂದು.

ಅವನು ದೊಡ್ಡ ಅಕ್ಷರದಲ್ಲಿ ಬರೆದ. ಮುರಿಗೆಪ್ಪ ಅಕ್ಕಿವಳ್ಳಿ, ಮ್ಯಾನೇಜರ್.

"ಎರಡನೇ ಬೆಂಕಿ ನಂದು," ಎಂದ. ಕುದುರೆ ಬೆದರಿಸುತ್ತಿದ್ದ ಆ ದನಿ ಅವತ್ತು ಮುಂದಿನ ಸಾಲಿಗೆ ಕೂಡ ಸರಿಯಾಗಿ ಕೇಳಿಸಲಿಲ್ಲ. "ಕಾಶವ್ವ ಬ್ಯಾಡ ಅಂದ್ರೂ ನಾನ ಹಾಕಿಸಿದೆ. ನನ್ನ ತಪ್ಪಿಗೆ ಆಕಿ ಹೆಸರು ಬರದೆ. ಯವ್ವಾ, ನಿನ್ನ ಮನಿ ಸುಟ್ಟಾಂವ ನಾನು." ಹೀಗೆಂದು, ಹೆಂಗಸರ ನಡುವೆ ಕೂತಿದ್ದ ಕಾಶವ್ವನ ಎದುರಿಗೆ ನಿಂತು, ಕರಿ ಕೋಟಿನಲ್ಲಿಯೇ ಬಾಗಿ ಕೈಮುಗಿದ.

ಬೇವಿನ ಮರದಲ್ಲಿ ಕಾಗೆ ಕೂಡ ಉಸಿರು ಹಿಡಿದಿತ್ತೆಂದು ಅಂದು ಅಲ್ಲಿದ್ದವರು ಹೇಳುತ್ತಾರೆ. ಕಾಶವ್ವ ಮುಗಿದ ಕೈಗಳನ್ನು ನೋಡಿದಳು, ಹಲಗೆಯ ಕಡೆ ನೋಡಿದಳು. ಬುತ್ತಿಯ ಬಟ್ಟೆಯನ್ನು ನಿಧಾನಕ್ಕೆ ಗಂಟು ಕಟ್ಟಿದಳು.

"ಕೈ ಇಳಸ್ರಿ ಸಾಹೇಬ್ರ, ಆ ಮಾತು ಆಮೇಲೆ," ಎಂದಳು. "ಗೋದಾಮಿನ ಮೂರನೇ ಸಾಲಿನಾಗ, ಕೆಳಗಿನ ಅಂಡಿಗಿ ಎರಡು ದಿನದಿಂದ ಬೆಚ್ಚಗೈತಿ. ಕೈ ಇಟ್ಟ ನೋಡೀನಿ. ವಾಸನೀನೂ ಐತಿ."

ಇನ್ನೊಬ್ಬಾಕೆ, "ನನಗೂ ಬಂದಿತ್ರಿ" ಎಂದಳು. ಅಂಡಿಗೆ ಒತ್ತುವ ಪ್ರೆಸ್ಸಿನ ಹನುಮಪ್ಪ, "ನನಗೂ" ಎಂದ. ಅಂಡಿಗೆಯ ಹೊಟ್ಟೆಯಲ್ಲಿ ಕಿಡಿ ಸಿಕ್ಕರೆ ಹೊಗೆಯಿಲ್ಲದೆ ನಾಲ್ಕೈದು ದಿನ ಕೆಂಡ ನುಂಗಿಕೊಂಡು ಕೂತಿರುತ್ತದೆ. ಗಾಳಿ ಕಂಡ ದಿನ ಗೋದಾಮನ್ನೇ ತಿನ್ನುತ್ತದೆ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಇನ್ನೂರು ಮಂದಿ ಎದ್ದರು. ಮುರಿಗೆಪ್ಪನ ಕರಿ ಕೋಟು ಎಲ್ಲಿ ಬಿತ್ತೋ, ಮತ್ತೆ ಸಿಗಲೇ ಇಲ್ಲ. ಎತ್ತಲು ಎಂಟಾಳು ಬೇಕಾಗುವ ಅಂಡಿಗೆಯನ್ನು ಅಂದು ನಾಲ್ಕೇ ಮಂದಿ ಉರುಳಿಸಿಕೊಂಡು ಬಯಲಿಗೆ ತಂದರೆಂದು ಹೇಳುತ್ತಾರೆ. ಆ ನಾಲ್ವರಲ್ಲಿ ಅವನೊಬ್ಬ. ಬಯಲಲ್ಲಿ ಅದಕ್ಕೆ ಬಿಗಿದಿದ್ದ ಕಬ್ಬಿಣದ ಪಟ್ಟಿ ಕಡಿದರು. ಅರಳೆ ಸೀಳಿಕೊಂಡು ಬಿಚ್ಚಿತು. ನಡುವೆ ತೆಂಗಿನಕಾಯಿಯಷ್ಟು ಕೆಂಡ, ಕಣ್ಣು ಬಿಟ್ಟಂತೆ ಒಮ್ಮೆ ಕೆಂಪಾಯಿತು. ಹೆಂಗಸರು ಸಾಲಾಗಿ ನಿಂತು ಬಾವಿಯಿಂದ ಕೊಡ ದಾಟಿಸಿದರು. ಒಂದು ಅಂಡಿಗೆಗೆ ಮುಗಿಯಿತು. ಜಿನ್ನಿಗೆ ಬೀಗ ಬೀಳಲಿಲ್ಲ.

ಆ ಸಂಜೆ ಮುರಿಗೆಪ್ಪ ಸುಟ್ಟ ಅರಳೆಯ ಒಂದು ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಠಕ್ಕೆ ಹೋಗಿ ಅಜ್ಜನವರ ಪಾದದ ಹತ್ತಿರ ಇಟ್ಟ. ಅಜ್ಜನವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಇದ ತಾಯತ. ಗೇಟಿಗೆ ಕಟ್ಟು" ಎಂದು ಅಪ್ಪಣೆ ಕೊಟ್ಟರು.

ಹಲಗೆ ಇಳಿಸಿ, ಅದೇ ಮೊಳೆಗೆ ಆ ಗಂಟು ತೂಗುಹಾಕಿದರು. ಅದರ ಕೆಳಗೆ ಒಂದು ಹಿತ್ತಾಳೆ ಪರಾತ. ಯಾರಿಗೆ ಯಾವ ವಾಸನೆ ಬಂದರೂ ಅದನ್ನು ಬಾರಿಸಬೇಕು, ಬಾರಿಸಿದವರ ಮುಂದೆ ಮೊದಲು ಮ್ಯಾನೇಜರ್ ಬಂದು ಕೈಮುಗಿಯಬೇಕು. ಸುಳ್ಳು ವಾಸನೆಗೂ ಎಷ್ಟೋ ಸಲ ಬಾರಿಸಿದರು. ಅವನು ಪ್ರತಿ ಸಲವೂ ಓಡಿ ಬಂದು ಕೈಮುಗಿದ. ಹೋಳಿಹುಣ್ಣಿಮೆಯ ನಂತರ ತಾನೇ ಚಕ್ಕಡಿ ಕಟ್ಟಿಕೊಂಡು ಕಾಶವ್ವನ ಬೀಗರ ಊರಿಗೆ ಹೋದ. ಏನು ಮಾತಾಡಿದನೋ, ಕಾಶವ್ವನ ಮಗಳ ಮದುವೆಗೆ ಹಂದರದ ಕಂಬ ಹುಗಿದವರಲ್ಲಿ ಅವನೂ ಇದ್ದ.

ಅಲ್ಲಿಂದ ಮುಂದೆ ಹತ್ತೊಂಬತ್ತು ಸುಗ್ಗಿ ಆ ಜಿನ್ನು ನಡೆಯಿತು. ಬೆಂಕಿಯ ಮಾತಿಲ್ಲ. ಸುತ್ತಲ ಜಿಲ್ಲೆಗಳ ಜಿನ್ನಿನವರು ಬಂದು ಯಂತ್ರ ನೋಡಿ ಹೋಗುತ್ತಿದ್ದರು. ಪರಾತವನ್ನು ಯಾರೂ ನೋಡುತ್ತಿರಲಿಲ್ಲ.

ಅಜ್ಜನವರು ಲಿಂಗೈಕ್ಯರಾದ ಮೇಲೂ ಅಮಾವಾಸ್ಯೆಯ ದಾಸೋಹ ನಿಲ್ಲಲಿಲ್ಲ. ಮುರಿಗೆಪ್ಪ ಮುದುಕನಾಗಿ, ಕೆಲಸ ಬಿಟ್ಟು, ಕಣ್ಣು ಮಂಜಾದ ಮೇಲೆ ಐದನೆಯ ಒಲೆಯ ಹತ್ತಿರ, ಅಜ್ಜನವರು ಕೂಡುತ್ತಿದ್ದ ಜಾಗ ಬಿಟ್ಟು ಒಂದು ಮೊಳ ಈಚೆ ಕೂಡುತ್ತಿದ್ದ. ಆ ಕಾಲದವರು ಒಬ್ಬೊಬ್ಬರಾಗಿ ಹೋದರು. ಜಿನ್ನಿನ ಕೂಗು ನಿಂತಿತು. ಊರಿನ ಬೇವುಗಳ ನರೆ ಉದುರಿ ಮತ್ತೆ ಹಸಿರಾದವು. ಆದರೆ ಯಾವುದಾದರೂ ಅಮಾವಾಸ್ಯೆಗೆ ಪರಾತ ಮೊಳಗಿತೆಂದರೆ, ಆ ಮುದುಕ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲುತ್ತಿದ್ದ. ಸದ್ದು ಬಂದ ಕಡೆಗೆ ಎರಡೂ ಕೈ ಮುಗಿದು, ಮಡಿಲಿನಿಂದ ಮಣ್ಣಿನ ಬಟ್ಟಲು ತೆಗೆದು ಮುಂದೆ ಚಾಚುತ್ತಿದ್ದ.

"ಮೊದಲ ನನಗ ನೀಡ್ರಿ, ಯವ್ವಾ," ಎನ್ನುತ್ತಿದ್ದ. "ಕರೀದು ನೀಡ್ರಿ."